ಹಳೆಯ ಕಾರಿನ ಪೆಟ್ರೋಲಿನಲ್ಲಿ ನೀರು: ಪತ್ತೆ, ಶುದ್ಧೀಕರಣ ಮತ್ತು ಬಿಡಿಭಾಗ ತಯಾರಕರ ಹೊಣೆ

ನಮ್ಮ ಸದಸ್ಯರಲ್ಲಿ ಅನೇಕರ ಮನೆಯ ಅಥವಾ ಗೋದಾಮಿನ ಆವರಣದಲ್ಲಿ ಒಂದು ಹಳೆಯ ಅಂಬಾಸಿಡರ್ ಇಲ್ಲವೇ ಪ್ರೀಮಿಯರ್ ಪದ್ಮಿನಿ ಇಂದಿಗೂ ಇದೆ. ಕೆಲವರಿಗೆ ಅದು ತಂದೆಯವರು ವ್ಯಾಪಾರ ಆರಂಭಿಸಿದ ದಿನಗಳ ನೆನಪು. ಮತ್ತೆ ಕೆಲವರಿಗೆ ಆಯುಧಪೂಜೆಯ ದಿನ ಹೂವಿನ ಹಾರ ಹಾಕಿ ಹೊರತೆಗೆಯುವ ಆಸ್ತಿ. ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಪದ್ಮಿನಿಯ ತಯಾರಿಕೆ ಅದಕ್ಕಿಂತ ಒಂದು ದಶಕಕ್ಕೂ ಮೊದಲೇ ನಿಂತಿತ್ತು. ಆದರೂ ಈ ವಾಹನಗಳ ದುರಸ್ತಿಯನ್ನೇ ನಂಬಿದ ಗ್ಯಾರೇಜುಗಳೂ, ಅವುಗಳಿಗೆ ಬೇಕಾದ ರಬ್ಬರು, ಹಿತ್ತಾಳೆಯ ಚಿಕ್ಕಪುಟ್ಟ ಭಾಗಗಳನ್ನು ಮಾಡುವ ಘಟಕಗಳೂ ಉಳಿದುಕೊಂಡು ಬಂದಿವೆ.

ಮಳೆಗಾಲದಲ್ಲಿ ಇಂತಹ ವಾಹನಗಳನ್ನು ಕಾಡುವ ದೋಷಗಳಲ್ಲಿ ಪೆಟ್ರೋಲಿನೊಳಗೆ ನೀರು ಸೇರುವುದು ಮುಖ್ಯವಾದುದು. ದೋಷವು ಸಣ್ಣದಾದರೂ ಅದನ್ನು ತಪ್ಪು ಕ್ರಮದಲ್ಲಿ ಹುಡುಕಿದರೆ ತಗಲುವ ವೆಚ್ಚ ಸಣ್ಣದಲ್ಲ. ಅಲ್ಲದೆ, ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬಳಕೆಗೆ ಬಂದ ಮೇಲೆ ಹಿಂದಿನ ಅನುಭವದ ಕೆಲವು ಪಾಠಗಳನ್ನು ತಿದ್ದಿಕೊಳ್ಳಬೇಕಾಗಿದೆ. ಈ ಲೇಖನವನ್ನು ಬರೆಯಲು ಕಾರಣವಾದ ಪ್ರಸಂಗವು ನನ್ನದೇ ಕಾರಿಗೂ ನನ್ನದೇ ಘಟಕದ ಸರಕಿಗೂ ಸಂಬಂಧಿಸಿದ್ದು.

ನೀರು ಬರುವ ದಾರಿಗಳು

ಟ್ಯಾಂಕಿನಲ್ಲಿ ನೀರು ಕಂಡ ಕೂಡಲೇ ಮಾಲೀಕರು ಪೆಟ್ರೋಲ್ ಬಂಕನ್ನು ದೂರುವುದೂ, ಮೆಕ್ಯಾನಿಕ್ಕುಗಳು ಗಾಳಿಯ ತೇವವನ್ನು ದೂರುವುದೂ ವಾಡಿಕೆ. ಅರ್ಧ ಖಾಲಿಯಾದ ಟ್ಯಾಂಕು ಹಗಲಿನ ಶಾಖಕ್ಕೆ ಗಾಳಿಯನ್ನು ಹೊರಬಿಟ್ಟು ರಾತ್ರಿಯ ತಂಪಿಗೆ ಒಳಗೆಳೆದುಕೊಳ್ಳುತ್ತದೆ; ಆಗ ತೇವವು ಒಳಗೋಡೆಯ ಮೇಲೆ ಹನಿಗಟ್ಟುತ್ತದೆ ಎಂಬುದು ನಿಜ. ಆದರೆ ಪ್ರಮಾಣವನ್ನು ಲೆಕ್ಕಹಾಕಿ ನೋಡಬೇಕು. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ತೇವದಿಂದ ಪೂರ್ಣವಾಗಿ ತುಂಬಿದ ಒಂದು ಘನ ಮೀಟರ್ ಗಾಳಿಯಲ್ಲಿರುವ ನೀರು ಸುಮಾರು 30 ಗ್ರಾಂ. ಟ್ಯಾಂಕಿನಲ್ಲಿ 20 ಲೀಟರಿನಷ್ಟು ಜಾಗ ಖಾಲಿಯಿದ್ದರೆ ಅಲ್ಲಿನ ಗಾಳಿಯಲ್ಲಿರುವ ನೀರು 0.6 ಗ್ರಾಂ ಮಾತ್ರ. ಒಂದು ರಾತ್ರಿಯಲ್ಲಿ ಹನಿಗಟ್ಟುವುದು ಅದರಲ್ಲಿಯೂ ಒಂದು ಅಂಶ. ತಿಂಗಳುಗಟ್ಟಲೆ ನಿಂತ ವಾಹನದಲ್ಲಿ, ಅದರಲ್ಲಿಯೂ ಕರಾವಳಿಯ ಮತ್ತು ಮಲೆನಾಡಿನ ಹವೆಯಲ್ಲಿ, ಇದು ಸೇರುತ್ತ ಹೋಗಿ ತೊಂದರೆ ಕೊಡಬಹುದು. ಎರಡು ದಿನಗಳಲ್ಲಿ ಕಾಲು ಲೋಟ ನೀರು ಕಂಡರೆ ಅದು ಗಾಳಿಯಿಂದ ಬಂದದ್ದಲ್ಲ.

ಹಾಗೆ ಬರುವ ನೀರಿನ ದಾರಿ ಬಹುಪಾಲು ಟ್ಯಾಂಕಿನ ಬಾಯಿಯೇ ಆಗಿರುತ್ತದೆ: ಮುಚ್ಚಳದೊಳಗಿನ ರಬ್ಬರು ಬಿಲ್ಲೆ ಸೆಟೆದು ಸೀಳಿರುವುದು, ತುಂಬುವ ಕೊಳವೆಯ ಸುತ್ತಲಿನ ರಬ್ಬರು ಸಡಿಲವಾಗಿರುವುದು, ಟ್ಯಾಂಕಿನ ಮೇಲ್ಭಾಗದಲ್ಲಿ ಪೆಟ್ರೋಲ್ ಮಟ್ಟ ತೋರಿಸುವ ಫ್ಲೋಟಿನ ಗ್ಯಾಸ್ಕೆಟ್ ಒಣಗಿರುವುದು. ಇವುಗಳ ಮೇಲೆ ವಾಟರ್ ಸರ್ವೀಸ್ ಅಂಗಡಿಯ ಒತ್ತಡದ ನೀರು ಬಿದ್ದಾಗ ಮಳೆಯ ಹತ್ತು ದಿನದ ಕೆಲಸ ಹತ್ತು ನಿಮಿಷದಲ್ಲಿ ಆಗುತ್ತದೆ.

ಎಥನಾಲ್ ಮಿಶ್ರಣದಿಂದ ಆದ ವ್ಯತ್ಯಾಸ

ಪೆಟ್ರೋಲಿಗೆ ಮದ್ಯಸಾರವನ್ನು ಬೆರೆಸುವುದು ನಮ್ಮ ದೇಶಕ್ಕೆ ತೀರ ಹೊಸದಲ್ಲ. ಇಂಡಿಯನ್ ಪವರ್ ಆಲ್ಕೋಹಾಲ್ ಕಾಯಿದೆ 1948ರಷ್ಟು ಹಿಂದಿನದು. ಈಗಿನ ಕಾರ್ಯಕ್ರಮವು 2003ರ ಜನವರಿಯಲ್ಲಿ ಕೆಲವು ರಾಜ್ಯಗಳಲ್ಲಿ ಶೇ. 5ರ ಮಿಶ್ರಣದೊಂದಿಗೆ ಆರಂಭವಾಯಿತು. 2022ರ ಜೂನ್ ವೇಳೆಗೆ ದೇಶದ ಸರಾಸರಿ ಶೇ. 10ಕ್ಕೆ ಮುಟ್ಟಿತು. ಶೇ. 20ರ ಮಿಶ್ರಣಕ್ಕೆ ಪ್ರಧಾನ ಮಂತ್ರಿಗಳು ಚಾಲನೆ ನೀಡಿದ್ದು 2023ರ ಫೆಬ್ರವರಿ 6ರಂದು, ನಮ್ಮ ಬೆಂಗಳೂರಿನಲ್ಲಿಯೇ. 2025ರಲ್ಲಿ ಆ ಗುರಿಯನ್ನು ತಲುಪಲಾಯಿತು. ಎಥನಾಲ್ ರಹಿತ ಪೆಟ್ರೋಲ್ ಸಹ ದೊರೆಯಬೇಕೆಂದು ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರಿನಲ್ಲಿ ವಜಾಗೊಳಿಸಿತು. ಕಬ್ಬು ಬೆಳೆಗಾರರಿಗೂ ಸಕ್ಕರೆ ಕಾರ್ಖಾನೆಗಳಿಗೂ ಇದರಿಂದ ಆಗುವ ಲಾಭ–ನಷ್ಟಗಳ ಚರ್ಚೆ ಬೇರೆ. ಹಳೆಯ ಕಾರಿನ ಮಾಲೀಕರು ಈ ಇಂಧನದೊಡನೆಯೇ ಬಾಳಬೇಕಾಗಿದೆ ಎಂಬುದಷ್ಟೇ ಇಲ್ಲಿ ಪ್ರಸ್ತುತ.

ಶುದ್ಧ ಪೆಟ್ರೋಲು ನೀರನ್ನು ಬಹುಮಟ್ಟಿಗೆ ಕರಗಿಸಿಕೊಳ್ಳುವುದಿಲ್ಲ. 40 ಲೀಟರಿನಲ್ಲಿ ಕರಗುವುದು ಹೆಚ್ಚೆಂದರೆ ಒಂದೆರಡು ಚಮಚೆಯಷ್ಟು; ಉಳಿದದ್ದು ತಳಕ್ಕೆ ಇಳಿಯುತ್ತದೆ. ಹಿಂದಿನ ಕಾಲದಲ್ಲಿ ತಳದ ಬಿರಡೆ ಬಿಚ್ಚಿ ಆ ನೀರನ್ನು ಬಿಟ್ಟರೆ ಮೇಲಿನ ಪೆಟ್ರೋಲನ್ನು ನಿಶ್ಚಿಂತೆಯಿಂದ ಬಳಸಬಹುದಾಗಿತ್ತು. ಎಥನಾಲ್ ಆದರೋ ನೀರಿನೊಡನೆ ಎಷ್ಟು ಬೇಕಾದರೂ ಬೆರೆಯುವ ದ್ರವ. ಶೇ. 10ರ ಮಿಶ್ರಣವು ಸಾಮಾನ್ಯ ಉಷ್ಣತೆಯಲ್ಲಿ ಸುಮಾರು ಶೇ. 0.5ರಷ್ಟು, ಅಂದರೆ 20 ಲೀಟರಿಗೆ 100 ಮಿ.ಲೀ. ನೀರನ್ನು ಕಣ್ಣಿಗೆ ಕಾಣದಂತೆ ತನ್ನೊಳಗೆ ಇಟ್ಟುಕೊಳ್ಳಬಲ್ಲದು, ಶೇ. 20ರ ಮಿಶ್ರಣ ಇದಕ್ಕಿಂತ ಹೆಚ್ಚು. ದಿನವೂ ಓಡುವ ವಾಹನಕ್ಕೆ ಇದರಿಂದ ಉಪಕಾರವೇ ಆಗುತ್ತದೆ, ಏಕೆಂದರೆ ಅಲ್ಪಸ್ವಲ್ಪ ತೇವವು ಪೆಟ್ರೋಲಿನೊಡನೆ ಎಂಜಿನ್ನಿಗೆ ಹೋಗಿ ಹಬೆಯಾಗಿ ಹೊರಬೀಳುತ್ತದೆ.

ತೊಂದರೆ ಇರುವುದು ನಿಂತ ವಾಹನಕ್ಕೆ. ನೀರು ಮಿತಿಯನ್ನು ದಾಟಿದೊಡನೆ, ಅಥವಾ ಮಿತಿಯ ಅಂಚಿನಲ್ಲಿದ್ದಾಗ ರಾತ್ರಿಯ ಚಳಿ ಬಿದ್ದೊಡನೆ, ಎಥನಾಲಿನ ಬಹುಭಾಗವು ನೀರಿನ ಜೊತೆ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. 20 ಲೀಟರಿನಲ್ಲಿ ಇರುವ ಎಥನಾಲ್ 4 ಲೀಟರ್. ಆದ್ದರಿಂದ ಒಳಗೆ ಬಂದ ನೀರು ಎರಡು ಲೋಟವಾದರೂ ತಳದಲ್ಲಿ ನಿಲ್ಲುವ ದ್ರವವು ಹಲವು ಲೀಟರ್ ಆಗಬಹುದು. ಎಂಜಿನ್ನು ಹೀರಿಕೊಳ್ಳುವುದು ತಳದಿಂದಲೇ ಆದ ಕಾರಣ ಅದಕ್ಕೆ ಸಿಗುವುದು ಈ ನೀರು–ಎಥನಾಲುಗಳ ಮಿಶ್ರಣ. ಮೇಲೆ ಉಳಿದ ಪೆಟ್ರೋಲಿನ ಆಕ್ಟೇನ್ ಮೌಲ್ಯವೂ ಇಳಿದಿರುತ್ತದೆ. ಅದನ್ನು ಹಾಗೆಯೇ ಬಳಸಿದರೆ ಏರುದಾರಿಯಲ್ಲಿ ಎಂಜಿನ್ನು ಬಡಿದುಕೊಳ್ಳಬಹುದು. ತಳದ ನೀರನ್ನು ಬಿಟ್ಟು ಮೇಲಿನದನ್ನು ಉಳಿಸಿಕೊಳ್ಳುವ ಹಳೆಯ ಪದ್ಧತಿ ಈಗ ಸಲ್ಲದು ಎಂಬುದಕ್ಕೆ ಕಾರಣವಿದು. ಒಮ್ಮೆ ಬೇರ್ಪಟ್ಟ ಇಂಧನವನ್ನು ಅಲುಗಾಡಿಸುವುದರಿಂದಾಗಲಿ, ಸೀಸೆಯಲ್ಲಿ ಮಾರುವ ಸಂಯೋಜಕಗಳನ್ನು ಸುರಿಯುವುದರಿಂದಾಗಲಿ ಮೊದಲಿನ ಸ್ಥಿತಿಗೆ ತರಬಹುದೆಂದು ನಂಬಬಾರದು.

ಒಂದು ಪದ್ಮಿನಿಯ ಪ್ರಸಂಗ

ನನ್ನ ಬಳಿ ಇರುವುದು 1984ರ ಪದ್ಮಿನಿ. 2024ರ ಮಳೆಗಾಲದಲ್ಲಿ ಅದು ಹೊರಟ ಎರಡು ಮೂರು ಕಿಲೋಮೀಟರಿಗೆ ಕೆಮ್ಮಿ ನಿಲ್ಲತೊಡಗಿತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹೊರಡುತ್ತಿತ್ತು. ಕಾರ್ಬ್ಯುರೇಟರನ್ನು ಎರಡು ಬಾರಿ ಬಿಚ್ಚಿ ತೊಳೆಸಿದೆ. ಪ್ರತಿ ಸಲವೂ ನಾಲ್ಕಾರು ದಿನ ಸರಿಯಾಗಿದ್ದು ಮತ್ತೆ ಅದೇ ರೋಗ. ಪ್ಲಗ್ಗು, ಕಂಡೆನ್ಸರ್, ಕೊನೆಗೆ ಕಾಯಿಲ್ ಸಹ ಬದಲಾಯಿಸಿದ್ದಾಯಿತು. ಒಬ್ಬ ಹಿರಿಯ ಮೆಕ್ಯಾನಿಕ್ ಬಾನೆಟ್ಟನ್ನು ತೆರೆಯುವ ಮೊದಲೇ ಒಂದು ಪ್ರಶ್ನೆ ಕೇಳಿದರು: "ಯಾವ ವಾರ ನಿಲ್ಲುತ್ತದೆ, ಸ್ವಾಮಿ?" ಲೆಕ್ಕಹಾಕಿದಾಗ ತಿಳಿಯಿತು, ಶನಿವಾರ ವಾಟರ್ ಸರ್ವೀಸಿಗೆ ಕಳುಹಿಸಿದರೆ ಸೋಮವಾರ ನಿಲ್ಲುತ್ತಿತ್ತು.

ವಾಹನವನ್ನು ಒಂದು ರಾತ್ರಿ ಅಲುಗಾಡಿಸದೆ ನಿಲ್ಲಿಸಿ, ಬೆಳಿಗ್ಗೆ ತಳದ ಬಿರಡೆಯಿಂದ ಮೊದಲ ಒಂದು ಲೀಟರನ್ನು ಬಿಳಿಯ ಗಾಜಿನ ಸೀಸೆಗೆ ಹಿಡಿದೆವು. ಅದರಲ್ಲಿ ಎರಡು ಪದರಗಳು ಗೆರೆ ಎಳೆದಂತೆ ನಿಂತವು. ಮುಚ್ಚಳವನ್ನು ತೆಗೆದು ನೋಡಿದರೆ ಒಳಗಿನ ರಬ್ಬರು ಬಿಲ್ಲೆ ಉಬ್ಬಿ, ಅಂಚು ಮಡಚಿಕೊಂಡು, ಬಾಯಿಗೆ ಕೂರದಂತಾಗಿತ್ತು. ಆ ಬಿಲ್ಲೆಯನ್ನು ಹಾಕಿಸಿ ಒಂದು ವರ್ಷವೂ ಆಗಿರಲಿಲ್ಲ. ಅದು ನಮ್ಮದೇ ಘಟಕದಲ್ಲಿ ಅಚ್ಚು ಹಾಕಿದ್ದು. ಈ ವಿಷಯಕ್ಕೆ ಕೊನೆಯಲ್ಲಿ ಮರಳುತ್ತೇನೆ.

ಪತ್ತೆಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಸೀಸೆಯಲ್ಲಿ ಪೆಟ್ರೋಲಿಗೆ ನೀರು ಹಾಕಿ ಕುಲುಕಿ, ಕೆಳಗೆ ಹೆಚ್ಚಿನ ದ್ರವ ನಿಂತದ್ದನ್ನು ತೋರಿಸಿ, ಬಂಕಿನವರು ನೀರು ಬೆರೆಸಿದ್ದಾರೆಂದು ಗಲಾಟೆ ಮಾಡುವುದನ್ನು ಕಂಡಿದ್ದೇನೆ. 100 ಮಿ.ಲೀ. ಅಳತೆಯ ಗಾಜಿನ ಜಾಡಿಯಲ್ಲಿ 90 ಮಿ.ಲೀ. ಪೆಟ್ರೋಲು ಮತ್ತು 10 ಮಿ.ಲೀ. ನೀರನ್ನು ಕುಲುಕಿ ಬಿಟ್ಟರೆ, ಶೇ. 20ರ ಮಿಶ್ರಣದಲ್ಲಿ ಕೆಳಗಿನ ಪದರ 28 ಮಿ.ಲೀ. ಆಸುಪಾಸಿಗೆ ಏರುತ್ತದೆ. ಹೆಚ್ಚಿದ 18 ಮಿ.ಲೀ. ಎಥನಾಲೇ ಹೊರತು ಕಲಬೆರಕೆಯ ನೀರಲ್ಲ. ಇದು ಎಥನಾಲಿನ ಪ್ರಮಾಣವನ್ನು ತಿಳಿಯುವ ಪರೀಕ್ಷೆ. ನೀರನ್ನು ತಿಳಿಯಬೇಕಾದರೆ ಏನನ್ನೂ ಬೆರೆಸದೆ ಮಾದರಿಯನ್ನು ಗಾಜಿನಲ್ಲಿ ಅರ್ಧ ಗಂಟೆ ನಿಲ್ಲಿಸಿ ನೋಡಬೇಕು: ತಿಳಿಯಾಗಿದ್ದರೆ ಚಿಂತೆಯಿಲ್ಲ, ಮಂಜಿನಂತೆ ಮಸುಕಾಗಿದ್ದರೆ ನೀರು ಮಿತಿಯ ಅಂಚಿಗೆ ಬಂದಿದೆ, ಪದರ ಕಂಡರೆ ಮಿತಿ ದಾಟಿದೆ.

ಶುದ್ಧೀಕರಣದ ಕ್ರಮ

ಕೆಲಸವು ಟ್ಯಾಂಕಿನಿಂದ ಆರಂಭವಾಗಿ ಕಾರ್ಬ್ಯುರೇಟರಿನಲ್ಲಿ ಮುಗಿಯಬೇಕು. ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಇದು ತಲೆಕೆಳಗಾಗಿ ನಡೆಯುತ್ತದೆ, ಏಕೆಂದರೆ ಕಾರ್ಬ್ಯುರೇಟರು ಕೈಗೆ ಸುಲಭವಾಗಿ ಸಿಗುತ್ತದೆ. ಆದರೆ ತೊಳೆದ ಕಾರ್ಬ್ಯುರೇಟರಿಗೆ ಟ್ಯಾಂಕಿನಿಂದ ಅದೇ ನೀರು ಮತ್ತೆ ಬರುತ್ತಿರುವವರೆಗೆ ಕೊಟ್ಟ ಕೂಲಿ ವ್ಯರ್ಥ.

ಮೊದಲು ಸುರಕ್ಷತೆ. ವಾಹನವನ್ನು ಬಯಲಿನಲ್ಲಿ ನಿಲ್ಲಿಸಿ, ಬ್ಯಾಟರಿಯ ತಂತಿಯನ್ನು ಕಳಚಿ, ಒಣ ಪುಡಿಯ ಅಗ್ನಿಶಾಮಕವನ್ನೂ ಒಂದು ಬಕೆಟ್ ಮರಳನ್ನೂ ಬಳಿಯಲ್ಲಿಟ್ಟುಕೊಳ್ಳಬೇಕು. ಪೆಟ್ರೋಲನ್ನು ಹಿಡಿಯಲು ಲೋಹದ ಡಬ್ಬಿಯೇ ಆಗಬೇಕು. ಅಡುಗೆ ಎಣ್ಣೆಯ ಪ್ಲಾಸ್ಟಿಕ್ ಕ್ಯಾನು ಆಗದು. ಖಾಲಿಯಾದ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ ಎಂಬುದನ್ನು ಕೆಲಸಗಾರರಿಗೆ ಒತ್ತಿ ಹೇಳಬೇಕು. ಅದರೊಳಗೆ ಗಾಳಿಯೊಡನೆ ಬೆರೆತ ಆವಿಯು ಸಿಡಿಯಲು ಒಂದು ಕಿಡಿ ಸಾಕು. ತೂತು ಬಿದ್ದ ಟ್ಯಾಂಕನ್ನು ಹಾಗೆಯೇ ವೆಲ್ಡಿಂಗಿಗೆ ಕೊಟ್ಟು ಜೀವ ಕಳೆದುಕೊಂಡವರುಂಟು.

ಟ್ಯಾಂಕನ್ನು ಪೂರ್ತಿಯಾಗಿ ಬರಿದುಮಾಡಿ, ಸಾಧ್ಯವಾದರೆ ಕೆಳಗಿಳಿಸಿ, ಒಳಗನ್ನು ಪರೀಕ್ಷಿಸಬೇಕು. ಟಾರ್ಚು ಬಳಸುವ ಮೊದಲು ಆವಿ ಪೂರ್ಣವಾಗಿ ಹೋಗಿರಬೇಕು. ಆ ಕಾಲದ ಅನೇಕ ಟ್ಯಾಂಕುಗಳು ಸೀಸ–ತವರದ ಲೇಪವಿದ್ದ ಉಕ್ಕಿನ ತಗಡಿನವು. ಲೇಪ ಚೆನ್ನಾಗಿದ್ದರೆ ಶುದ್ಧ ಪೆಟ್ರೋಲಿನಿಂದ ತೊಳೆದು ಒಣಗಿಸಿದರೆ ಸಾಕು. ಆಮ್ಲವನ್ನು ಹಾಕಿದರೆ ಇದ್ದ ಲೇಪವೂ ಹೋಗುತ್ತದೆ. ತುಕ್ಕು ಬಲವಾಗಿ ಹಿಡಿದಿದ್ದಲ್ಲಿ ಸಿಟ್ರಿಕ್ ಆಮ್ಲದ ತೆಳುವಾದ ದ್ರಾವಣವನ್ನು ಒಂದು ದಿನ ನಿಲ್ಲಿಸಿ, ಅಡುಗೆ ಸೋಡಾ ಕರಗಿಸಿದ ನೀರಿನಿಂದ ಆಮ್ಲವನ್ನು ಇಳಿಸಿ, ಒಡನೆಯೇ ಬಿಸಿಗಾಳಿಯಿಂದ ಒಣಗಿಸಬೇಕು. ಒದ್ದೆಯಾಗಿ ಒಂದು ಗಂಟೆ ಬಿಟ್ಟರೂ ಹೊಸ ತುಕ್ಕು ಏಳುತ್ತದೆ. ಜಲ್ಲಿ ಹಾಕಿ ಅಲುಗಾಡಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ: ಒಂದೆರಡು ಕಲ್ಲು ಒಳಗೇ ಉಳಿಯುವುದು ನಿಶ್ಚಿತ. ಒಳಲೇಪ ಹಾಕಿಸುವವರು ಅದು ಎಥನಾಲನ್ನು ತಡೆಯುವುದೆಂದು ತಯಾರಕರಿಂದ ಬರಹದಲ್ಲಿ ಪಡೆಯಬೇಕು. ಕೆಲವು ಹಳೆಯ ಬಗೆಯ ಲೇಪಗಳು ಎಥನಾಲಿನಲ್ಲಿ ಮೆತ್ತಗಾಗಿ ಸಿಪ್ಪೆಯಂತೆ ಎದ್ದು ಪೈಪನ್ನು ಕಟ್ಟುತ್ತವೆ.

ಬಳಿಕ ಪೈಪು, ಪಂಪು. ಪೈಪಿನ ಎರಡೂ ತುದಿಗಳನ್ನು ಕಳಚಿ ಮೆಲುವಾದ ಗಾಳಿಯಿಂದ ಊದಬೇಕು. ಪಂಪಿನ ಜಾಲರಿಯನ್ನು ತೊಳೆದು ಡಯಾಫ್ರಮ್ಮನ್ನು ಬೆಳಕಿಗೆ ಹಿಡಿದು ನೋಡಬೇಕು; ಅದು ಸೀಳಿದರೆ ಪೆಟ್ರೋಲು ಎಂಜಿನ್ ಆಯಿಲಿಗೆ ಸೇರುವ ಸಂಭವವುಂಟು. ಕಾರ್ಬ್ಯುರೇಟರಿನ ಫ್ಲೋಟ್ ಚೇಂಬರಿನ ತಳದಲ್ಲಿ ಬಿಳಿಯ ಪುಡಿ ಕಂಡರೆ ಅದು ನೀರು ಲೋಹವನ್ನು ತಿಂದ ಗುರುತು. ಜೆಟ್ಟುಗಳಿಗೆ ತಂತಿ ಚುಚ್ಚಬಾರದು. ಹಿತ್ತಾಳೆ ಮೃದುವಾದುದರಿಂದ ರಂಧ್ರ ಹಿಗ್ಗಿ ಪೆಟ್ರೋಲಿನ ಖರ್ಚು ಶಾಶ್ವತವಾಗಿ ಏರುತ್ತದೆ. ಹೊಸ ಪೆಟ್ರೋಲಿನಲ್ಲಿ ಒಂದು ವಾರ ಓಡಿಸಿದ ಮೇಲೆ ಜಾಲರಿಯನ್ನು ಮತ್ತೊಮ್ಮೆ ತೆಗೆದು ನೋಡುವುದು ಲೇಸು, ಏಕೆಂದರೆ ಎಥನಾಲ್ ಹಳೆಯ ಅಂಟು, ತುಕ್ಕುಗಳನ್ನು ಸಡಿಲಿಸಿ ಕೆಳಗೆ ತರುತ್ತದೆ.

ಹೊರತೆಗೆದ ಕೆಟ್ಟ ಪೆಟ್ರೋಲನ್ನು ಚರಂಡಿಗೆ ಸುರಿಯುವುದಾಗಲಿ, ಜನರೇಟರಿನ ಡೀಸೆಲ್ಲಿಗೆ ಬೆರೆಸುವುದಾಗಲಿ ಕೂಡದು. ಎರಡನೆಯದು ಉಳಿತಾಯವೆಂದು ಕೆಲವರು ಭಾವಿಸುತ್ತಾರೆ. ಇಂಜೆಕ್ಷನ್ ಪಂಪ್ ಕೆಟ್ಟಾಗ ಅದರ ಬೆಲೆ ತಿಳಿಯುತ್ತದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಸಂಸ್ಕರಣಾ ಘಟಕಗಳಿಗೆ ಇದನ್ನು ಒಪ್ಪಿಸಬೇಕು. ಅಲ್ಲಿಯವರೆಗೆ ಸಂಗ್ರಹಿಸಿಡುವ ಗ್ಯಾರೇಜಿನವರು, ಪೆಟ್ರೋಲಿಯಂ ಕಾಯಿದೆ 1934ರ ಪ್ರಕಾರ ಮಾರಾಟಕ್ಕಲ್ಲದ ಪೆಟ್ರೋಲನ್ನು ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದಾದ ಮಿತಿ ಒಟ್ಟು 30 ಲೀಟರ್ ಎಂಬುದನ್ನೂ, ಲೋಹದ ಪಾತ್ರೆಯೊಂದರ ಅಳತೆ 25 ಲೀಟರನ್ನು ಮೀರಬಾರದೆಂಬುದನ್ನೂ ನೆನಪಿಡಬೇಕು.

ನೀರು ಬಂಕಿನಿಂದಲೇ ಬಂದಿದ್ದರೆ

ಇದೂ ಸಂಭವಿಸದೆ ಇಲ್ಲ. 2025ರ ಜೂನ್ ತಿಂಗಳಲ್ಲಿ ಮಧ್ಯಪ್ರದೇಶದ ರತ್ಲಾಂ ಬಳಿ ಮುಖ್ಯಮಂತ್ರಿಗಳ ಪ್ರವಾಸಕ್ಕೆ ಸಿದ್ಧವಾಗಿದ್ದ 19 ವಾಹನಗಳು ನೀರು ಬೆರೆತ ಡೀಸೆಲ್ ತುಂಬಿಸಿಕೊಂಡು ಸಾಲಾಗಿ ನಿಂತುಹೋದ ಸುದ್ದಿಯನ್ನು ಸದಸ್ಯರು ಓದಿರಬಹುದು. ಒಂದೇ ದಿನ ಒಂದೇ ಬಂಕಿನಿಂದ ತುಂಬಿಸಿದ ಬೇರೆ ವಾಹನಗಳಿಗೂ ತೊಂದರೆಯಾಗಿದೆಯೇ ಎಂದು ವಿಚಾರಿಸುವುದು ಮೊದಲ ಹೆಜ್ಜೆ. ನೀರು, ಸಾಂದ್ರತೆಗಳ ಪರೀಕ್ಷೆಯನ್ನು ಎದುರಿನಲ್ಲಿಯೇ ಮಾಡಿ ತೋರಿಸುವಂತೆ ಗ್ರಾಹಕರು ಬಂಕಿನಲ್ಲಿ ಕೇಳಬಹುದು. ನೆಲದಡಿಯ ಟ್ಯಾಂಕಿಗೆ ಅಳತೆಯ ಕೋಲು ಇಳಿಸುವಾಗ ಅದರ ತುದಿಗೆ ಹಚ್ಚುವ ನೀರು ಪತ್ತೆಯ ಲೇಪವು ಎಥನಾಲ್ ಮಿಶ್ರಣಕ್ಕೆ ತಕ್ಕುದಾಗಿರಬೇಕು. ಹಳೆಯ ಬಗೆಯ ಲೇಪವು ನೀರು–ಎಥನಾಲ್ ಪದರವನ್ನು ಸರಿಯಾಗಿ ತೋರಿಸುವುದಿಲ್ಲ.

ರಸೀತಿ, ಮೆಕ್ಯಾನಿಕ್ಕಿನ ಲಿಖಿತ ಹೇಳಿಕೆ, ಮೊಹರು ಮಾಡಿದ ಮಾದರಿ ಇವಿಷ್ಟೂ ಇಲ್ಲದೆ ದೂರು ನಿಲ್ಲುವುದಿಲ್ಲ. ಗ್ರಾಹಕ ಸಂರಕ್ಷಣಾ ಕಾಯಿದೆ 2019ರ ಅಡಿಯಲ್ಲಿ ಜಿಲ್ಲಾ ಆಯೋಗಕ್ಕೆ ಹೋಗಬಯಸುವ ವ್ಯಾಪಾರಿಗಳು ಒಂದು ಅಂಶವನ್ನು ಗಮನಿಸಬೇಕು: ವಾಣಿಜ್ಯ ಉದ್ದೇಶಕ್ಕಾಗಿ ಕೊಂಡವರು ಈ ಕಾಯಿದೆಯ ಅರ್ಥದಲ್ಲಿ ಗ್ರಾಹಕರಲ್ಲ. ಸ್ವಂತ ಉದ್ಯೋಗದಿಂದ ಜೀವನೋಪಾಯಕ್ಕಾಗಿ ಬಳಸಿದ್ದರೆ ಮಾತ್ರ ವಿನಾಯಿತಿ ಇದೆ. ಮನೆಬಳಕೆಯ ಕಾರಿಗೆ ಸಂಸ್ಥೆಯ ಹೆಸರಿನಲ್ಲಿ ಪೆಟ್ರೋಲ್ ರಸೀತಿ ಮಾಡಿಸುವ ನಮ್ಮ ಅಭ್ಯಾಸವು ಇಲ್ಲಿ ಎದುರಾಳಿಗೆ ಒಳ್ಳೆಯ ಅಸ್ತ್ರವಾಗುತ್ತದೆ.

ರಬ್ಬರು ಮತ್ತು ಅರಗು

ಈಗ ನಮ್ಮ ಬಿಲ್ಲೆಯ ವಿಷಯ. ನಮ್ಮ ಘಟಕವು ಹಲವು ವರ್ಷಗಳಿಂದ ಹಳೆಯ ಕಾರುಗಳ ಮುಚ್ಚಳದ ಬಿಲ್ಲೆ, ಪಂಪಿನ ಡಯಾಫ್ರಮ್, ಗ್ಯಾಸ್ಕೆಟ್ಟುಗಳನ್ನು ಸಾಧಾರಣ ದರ್ಜೆಯ ನೈಟ್ರೈಲ್ ರಬ್ಬರಿನಲ್ಲಿ ತಯಾರಿಸಿ ಬಿಡಿಭಾಗಗಳ ಅಂಗಡಿಗಳಿಗೆ ಕೊಡುತ್ತಿತ್ತು. ದೂರು ಬಂದಿರಲಿಲ್ಲ; ಆದುದರಿಂದ ಮಿಶ್ರಣವನ್ನು ಬದಲಾಯಿಸುವ ಯೋಚನೆಯೂ ಬಂದಿರಲಿಲ್ಲ. ಪೆಟ್ರೋಲು ಬದಲಾದದ್ದು ನಮಗೆ ತಿಳಿದಿತ್ತು. ಆದರೆ ಅದು ನಮ್ಮ ಅಚ್ಚಿನ ಮನೆಗೆ ಸಂಬಂಧಿಸಿದ ಸುದ್ದಿ ಎಂದು ನಾವು ತಿಳಿಯಲಿಲ್ಲ.

ಪದ್ಮಿನಿಯ ಪ್ರಸಂಗದ ನಂತರ ಅದೇ ಸರಕಿನಿಂದ ಕೆಲವು ಬಿಲ್ಲೆಗಳನ್ನು ತೂಗಿ, ಅಳೆದು, ಬಂಕಿನಿಂದ ತಂದ ಪೆಟ್ರೋಲಿನಲ್ಲಿ ಮುಚ್ಚಿದ ಗಾಜಿನ ಪಾತ್ರೆಯೊಳಗೆ 70 ಗಂಟೆಗಳ ಕಾಲ ಮುಳುಗಿಸಿಟ್ಟೆವು. ಹೊರತೆಗೆದಾಗ ಅವು ಕಣ್ಣಿಗೆ ಕಾಣುವಷ್ಟು ಉಬ್ಬಿದ್ದವು. ಒಣಗಿಸಿದ ಮೇಲೆ ಮೊದಲಿನ ಅಳತೆಗಿಂತಲೂ ಕುಗ್ಗಿ ಗಡುಸಾದವು, ಏಕೆಂದರೆ ರಬ್ಬರನ್ನು ಮೃದುವಾಗಿಡುವ ಎಣ್ಣೆಯನ್ನು ಪೆಟ್ರೋಲು ಸೆಳೆದುಕೊಂಡಿತ್ತು. ವಾಹನದಲ್ಲಿ ಇದೇ ಉಬ್ಬುವಿಕೆ, ಕುಗ್ಗುವಿಕೆಗಳು ಮತ್ತೆ ಮತ್ತೆ ನಡೆದು ಬಿಲ್ಲೆ ಸೀಳುತ್ತದೆ. ದ್ರವಗಳಿಂದ ರಬ್ಬರಿಗೆ ಆಗುವ ಪರಿಣಾಮವನ್ನು ಅಳೆಯುವ ವಿಧಾನವು ಭಾರತೀಯ ಮಾನಕ 3400ರ 6ನೆಯ ಭಾಗದಲ್ಲಿದೆ. ನಾವು ಮಾಡಿದ್ದು ಪ್ರಯೋಗಾಲಯದ ಪರೀಕ್ಷೆಯಲ್ಲ. ಒಂದು ತಕ್ಕಡಿ, ಒಂದು ವರ್ನಿಯರ್, ಒಂದು ಜಾಡಿ ಇರುವ ಯಾವ ಘಟಕವೂ ಮಾಡಬಹುದಾದದ್ದು.

ಎಥನಾಲ್ ಮಿಶ್ರಣಕ್ಕೆ ಫ್ಲೋರೋಕಾರ್ಬನ್ ರಬ್ಬರು ಉತ್ತಮ, ಆದರೆ ಅದರ ಬೆಲೆ ನೈಟ್ರೈಲಿಗಿಂತ ಹಲವು ಪಟ್ಟು. ಸಣ್ಣ ಬಿಲ್ಲೆಗೆ ಬೇಕಾಗುವ ರಬ್ಬರು ಕೆಲವೇ ಗ್ರಾಂ ಆದ್ದರಿಂದ ಅಲ್ಲಿ ಅದನ್ನೇ ಬಳಸಬಹುದು. ಬಟ್ಟೆಯ ಪದರವಿರುವ ಡಯಾಫ್ರಮ್ಮಿಗೆ ಅಕ್ರಿಲೋನೈಟ್ರೈಲ್ ಅಂಶ ಹೆಚ್ಚಿರುವ ನೈಟ್ರೈಲ್ ಸಾಕಾದೀತೆಂದು ನಮ್ಮ ಅಭಿಪ್ರಾಯ. ಆದರೂ ಪ್ರತಿ ಮಿಶ್ರಣವನ್ನೂ ಮುಳುಗಿಸಿ ನೋಡಿಯೇ ಮುಂದುವರಿಯುತ್ತಿದ್ದೇವೆ. ಪೆಟ್ರೋಲ್ ಹೋಸಿನ ವ್ಯಾಪಾರಿಗಳು ಎಸ್‌ಎಇ ಜೆ30 ಆರ್9 ಎಂಬ ಮುದ್ರೆಯಿರುವ ಹೋಸನ್ನು ಕೇಳಿ ತರಿಸುವುದು ಒಳ್ಳೆಯದು. ಮೀಟರ್ ಲೆಕ್ಕದಲ್ಲಿ ಮಾರುವ ಮುದ್ರೆಯಿಲ್ಲದ ಕಪ್ಪು ಹೋಸು ಹೊರಗೆ ಚೆನ್ನಾಗಿ ಕಂಡರೂ ಒಳಗಿನಿಂದ ಉದುರುತ್ತದೆ.

ಗ್ಯಾರೇಜುಗಳ ಅಚ್ಚುಮೆಚ್ಚಿನ ಇನ್ನೊಂದು ವಸ್ತುವಾದ ಶೆಲ್ಲಾಕಿನ ಬಗ್ಗೆಯೂ ಹೇಳಬೇಕು. ಇದು ಅರಗಿನಿಂದ ಮಾಡಿದ್ದು. ಪೆಟ್ರೋಲಿಗೆ ಕರಗದ ಕಾರಣ ತಲೆಮಾರುಗಳಿಂದ ಗ್ಯಾಸ್ಕೆಟ್ಟಿಗೆ ಹಚ್ಚುತ್ತ ಬಂದಿದ್ದೇವೆ. ಆದರೆ ಅರಗು ಮದ್ಯಸಾರದಲ್ಲಿ ಕರಗುತ್ತದೆ. ಮರಗೆಲಸದವರು ಪಾಲಿಶ್ ಮಾಡಿಕೊಳ್ಳುವುದು ಹಾಗೆಯೇ. ಶೇ. 20ರ ಮಿಶ್ರಣ ತಾಗುವ ಜಾಗದಲ್ಲಿ ಶೆಲ್ಲಾಕ್ ಹಚ್ಚಿದರೆ ಅದು ಕ್ರಮೇಣ ಕರಗಿ, ಸೋರಿಕೆಯ ಜೊತೆಗೆ ಜೆಟ್ಟುಗಳಲ್ಲಿ ಅಂಟನ್ನೂ ಉಂಟುಮಾಡುತ್ತದೆ. ಕಾರ್ಬ್ಯುರೇಟರಿಗೂ ಪೆಟ್ರೋಲ್ ಪಂಪಿಗೂ ಅದನ್ನು ಬಳಸುವುದನ್ನು ಬಿಡಬೇಕು.

ನಮ್ಮ ಹಳೆಯ ಬಿಲ್ಲೆಗಳ ದಾಸ್ತಾನನ್ನು ಅಂಗಡಿಗಳಿಂದ ಹಿಂದಕ್ಕೆ ತರಿಸಿಕೊಂಡಿದ್ದೇವೆ. ಮಾರಾಟವಾಗಿ ಹೋದವುಗಳಲ್ಲಿ ಯಾವ ಯಾವ ಕಾರಿಗೆ ಹಾಕಿದ್ದಾರೆಂದು ತಿಳಿಯುವ ಉಪಾಯವಿರಲಿಲ್ಲ, ಏಕೆಂದರೆ ಪೊಟ್ಟಣದ ಮೇಲೆ ತಯಾರಿಕೆಯ ತಿಂಗಳನ್ನಾಗಲಿ ರಬ್ಬರಿನ ಬಗೆಯನ್ನಾಗಲಿ ಮುದ್ರಿಸುವ ಕ್ರಮವನ್ನು ನಾವು ಇಟ್ಟುಕೊಂಡಿರಲಿಲ್ಲ. ಈಗ ಎರಡನ್ನೂ ಮುದ್ರಿಸುತ್ತಿದ್ದೇವೆ. ಹಳೆಯ ಬಿಲ್ಲೆಯನ್ನು ತಂದುಕೊಟ್ಟ ಮೆಕ್ಯಾನಿಕ್ಕುಗಳಿಗೆ ಹಣ ಪಡೆಯದೆ ಹೊಸದನ್ನು ಕೊಡುತ್ತಿದ್ದೇವೆ. ಬಂದ ಬಿಲ್ಲೆಗಳನ್ನು ಎಸೆಯದೆ, ಬಂದ ದಿನಾಂಕ ಮತ್ತು ಊರಿನ ಹೆಸರು ಬರೆದು ತೆಗೆದಿಡುತ್ತಿದ್ದೇವೆ.